ರಾಕ್ಷಸ ಸಾಯದ ಕ್ಯಾಸೆಟ್ಟು

ಪ್ರಶ್ನೆ: ನನಗೆ ಇಪ್ಪತ್ನಾಲ್ಕು ವರ್ಷ. ಊರು ಕೊಪ್ಪಳದ ಹತ್ತಿರ, ಗಿಣಿಗೇರಾ ಕಡೆಯ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮೆಟಾಲಿಕಾ, ಸ್ಲೇಯರ್‌ನಂಥ ಅಮೆರಿಕದ ಮೆಟಲ್ ತಂಡಗಳನ್ನು ಕೇಳಿಕೊಂಡು ಬೆಳೆದವನು. ಪವರ್ ಮೆಟಲ್ ಎಂದರೆ ಇದನ್ನು ಕೇಳಲೇಬೇಕು ಎಂದು ಎಲ್ಲರೂ ಹೇಳುವ, ಜರ್ಮನಿಯ ಹೆಲೋವೀನ್ ತಂಡದ ‘ಕೀಪರ್ ಆಫ್ ದಿ ಸೆವೆನ್ ಕೀಸ್’ ಆಲ್ಬಮ್ಮಿನ ಎರಡನೇ ಭಾಗವನ್ನು ಮೂರು ಸಲ ಕೇಳಿದೆ. ಸೌಂಡು ತೆಳ್ಳಗಿದೆ, ಹಾಡುವವನು ಕಿರುಚಿದ ಹಾಗಿದೆ, ನಡುನಡುವೆ ತಮಾಷೆ ಬೇರೆ. ಗೆಳೆಯರು ನಗುತ್ತಾರೆ. ಬಯಲಾಟದಲ್ಲಿ ಮದ್ದಳೆ ನುಡಿಸುವ ನಮ್ಮಪ್ಪ ಪಕ್ಕದಲ್ಲಿ ಕೂತು ಕೇಳಿ, ‘ಇದೇನಲೇ, ನಮ್ಮ ಆಟ ಇದ್ದಂಗ ಐತಲ್ಲ’ ಎಂದರು. ಇದರಲ್ಲಿ ಅಂಥದ್ದೇನಿದೆ? ಮೂವತ್ತೈದು ವರ್ಷ ದಾಟಿದರೂ ಜನ ಯಾಕೆ ಬಿಡುತ್ತಿಲ್ಲ?

ಉತ್ತರ: ಅರ್ಧ ಉತ್ತರವನ್ನು ನಿಮ್ಮಪ್ಪನೇ ಕೊಟ್ಟುಬಿಟ್ಟಿದ್ದಾರೆ. ಉಳಿದರ್ಧಕ್ಕೆ ಬರುವ ಮುಂಚೆ ನನ್ನದೊಂದು ಹಳೇ ಕ್ಯಾಸೆಟ್ಟಿನ ಕತೆ ಹೇಳುತ್ತೇನೆ. ಯಾಕೆಂದರೆ ಈ ಆಲ್ಬಮ್ಮನ್ನು ಹನ್ನೊಂದು ವರ್ಷ ತಪ್ಪಾಗಿ ಕೇಳಿದವನು ನಾನೂ ಒಬ್ಬ.

1994. ಬಳ್ಳಾರಿಯ ಕೌಲ್‌ಬಜಾರ್‌ನಲ್ಲಿ ಹಾಡು ತುಂಬಿಸಿಕೊಡುವ ಒಂದು ಸಣ್ಣ ಅಂಗಡಿ. ಕಾಲೇಜು ಮುಗಿಸಿ ಸಂಜೆ ಅಲ್ಲಿ ಕೂರುತ್ತಿದ್ದೆ. ಗಿರಾಕಿಗಳು ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದುಕೊಟ್ಟು ಹೋಗುವರು, ಎರಡು ದಿನ ಬಿಟ್ಟು ಬಂದು ಒಯ್ಯುವರು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನಮ್ಮ ಓಣಿಯ ಅಣ್ಣನೊಬ್ಬ ಹಬ್ಬಕ್ಕೆ ಬಂದಾಗ ‘ಕೀಪರ್’ನ ಎರಡೂ ಭಾಗ ತಂದಿದ್ದ. ಒಂದೇ ರಾತ್ರಿಗೆ ಅಂತ ಇಸ್ಕೊಂಡು, ತೊಂಬತ್ತು ನಿಮಿಷದ ಒಂದು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡೆ. ಲೆಕ್ಕ ನೋಡಿ: ಮೊದಲ ಭಾಗ ಸುಮಾರು 37 ನಿಮಿಷ, ಹಾಗಾಗಿ ‘ಎ’ ಬದಿಯಲ್ಲಿ ಎಂಟು ನಿಮಿಷ ಮಿಕ್ಕಿತು. ಟೇಪು ಯಾಕೆ ಹಾಳು ಮಾಡ್ತೀಯ ಅಂತ ಮಾಲೀಕರು ಅಲ್ಲಿ ಎರಡು ತೆಲುಗು ಹಾಡು ತುಂಬಿಸಿದರು. ಎರಡನೇ ಭಾಗ ಸುಮಾರು 49 ನಿಮಿಷ. ‘ಬಿ’ ಬದಿಯಲ್ಲಿ ಜಾಗ ಇರುವುದು 45ಕ್ಕೆ. ಆಲ್ಬಮ್ಮಿನ ಹೆಸರನ್ನೇ ಹೊತ್ತ, ಹದಿಮೂರೂವರೆ ನಿಮಿಷದ ಕೊನೆಯ ಹಾಡು ಹತ್ತು ನಿಮಿಷದ ಸುಮಾರಿಗೆ ಟಕ್ ಎಂದು ನಿಂತುಹೋಗುತ್ತಿತ್ತು.

ಆ ಹಾಡಿನ ಕತೆ ಇಷ್ಟು. ಏಳು ಬೀಗದಕೈಗಳನ್ನು ಕಾಯುವವನೊಬ್ಬ. ಅವನು ಒಂದೊಂದನ್ನೂ ಒಂದೊಂದು ಕಡಲಿಗೆ ಎಸೆಯಬೇಕು: ದ್ವೇಷದ ಕಡಲು, ಭಯದ ಕಡಲು, ದುರಾಸೆಯ ಕಡಲು, ಅಜ್ಞಾನದ ಕಡಲು, ಹೀಗೆ. ದಾರಿ ತಪ್ಪಿಸಲು ಸೈತಾನ ಕಾದಿದ್ದಾನೆ. ಕೊನೆಗೆ ಭೂಮಿ ಬಿರಿದು ಅವನನ್ನು ನುಂಗುತ್ತದೆ, ಜನ ಬಿಡುಗಡೆಯಾಗುತ್ತಾರೆ. ನನ್ನ ಕ್ಯಾಸೆಟ್ಟಿನಲ್ಲಿ ಭೂಮಿ ಬಿರಿಯಲೇ ಇಲ್ಲ. ಹನ್ನೊಂದು ವರ್ಷ ನಾನು ಕೇಳಿದ್ದು ರಾಕ್ಷಸ ಸಾಯದ ಆಟ. ಹಾಡು ಹಾಗೇ ಇರಬೇಕು, ಕೆಟ್ಟದ್ದು ಮುಗಿಯೋದಿಲ್ಲ ಅಂತ ಹೇಳೋ ಗಂಭೀರ ಕಲಾಕೃತಿ ಇದು ಅಂದುಕೊಂಡಿದ್ದೆ. ಗೆಳೆಯರ ಮುಂದೆ ಹಾಗೆಂದು ಭಾಷಣವನ್ನೂ ಬಿಗಿದಿದ್ದೇನೆ. 2005ರಲ್ಲಿ ಗೆಳೆಯನ ಮನೆಯ ಕಂಪ್ಯೂಟರಿನಲ್ಲಿ ಪೂರ್ತಿ ಹಾಡು ಕೇಳಿದಾಗ ಎಷ್ಟು ನಾಚಿಕೆಯಾಯಿತೋ ಅಷ್ಟೇ ಖುಷಿಯೂ ಆಯಿತು.

ಇನ್ನು ನಿಮ್ಮ ದೂರುಗಳಿಗೆ ಬರೋಣ. ಸೌಂಡು ತೆಳ್ಳಗಿದೆ ಅನ್ನುವುದು ನಿಜ. ಇಂದಿನ ಮೆಟಲ್ ರೆಕಾರ್ಡಿಂಗಿನಲ್ಲಿ ಕೆಳಗಿನ ಸ್ವರಗಳನ್ನು ಗೋಡೆ ಕಟ್ಟಿದ ಹಾಗೆ ತುಂಬುತ್ತಾರೆ. ಆ ಕಿವಿಯಿಂದ 1988ರ ಧ್ವನಿಮುದ್ರಣ ಕೇಳಿದರೆ ಎಲ್ಲವೂ ಮೇಲ್ಮೇಲೆ ತೇಲಿದ ಹಾಗೆ, ಡ್ರಮ್ಮು ದೊಡ್ಡ ಖಾಲಿ ಹಾಲಿನಲ್ಲಿ ಬಾರಿಸಿದ ಹಾಗೆ ಅನಿಸುತ್ತದೆ. ಅದಕ್ಕೆ ಮದ್ದು ಸುಲಭ. ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ, ಇಯರ್‌ಫೋನಿನ ಬಾಸ್ ಬಟನ್ ಆಫ್ ಮಾಡಿ, ಸ್ವಲ್ಪ ಜೋರಾಗಿಟ್ಟು ಕೇಳಿ. ಆ ‘ತೆಳುವು’ ಇರುವುದರಿಂದಲೇ ಪ್ರತಿ ವಾದ್ಯವೂ ಬೇರೆಬೇರೆಯಾಗಿ ಕೇಳುತ್ತದೆ ಎನ್ನುವುದು ಒಂದು ವಾರದೊಳಗೆ ಗೊತ್ತಾಗುತ್ತದೆ.

ಇಂವೈಟೇಷನ್ ಎಂಬ ಒಂದು ನಿಮಿಷದ ಪೀಠಿಕೆ ಮುಗಿದ ಕೂಡಲೇ ‘ಈಗಲ್ ಫ್ಲೈ ಫ್ರೀ’ ಶುರುವಾಗುತ್ತದಲ್ಲ, ನಾನು ಪಾಠ ಮಾಡುವುದೇ ಆ ಹಾಡಿನಿಂದ. (ಈಗ ಬಳ್ಳಾರಿಯಲ್ಲಿ ಮನೆಯಲ್ಲೇ ಗಿಟಾರ್ ಹೇಳಿಕೊಡುತ್ತೇನೆ. ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಪಾಲು ಸಿನಿಮಾ ಹಾಡು ಕಲಿಯಲು ಬರುವವರು, ಆದರೂ ತಪ್ಪಿಸಿಕೊಳ್ಳಲು ಬಿಡುವುದಿಲ್ಲ.) ಮೊದಲು ಕಾಲಿನ ಡ್ರಮ್ ಕೇಳಿ. ಎರಡು ಕಾಲಿಗೆ ಎರಡು ಪೆಡಲ್, ಒಂದಾದ ಮೇಲೊಂದು ಬಿಡುವಿಲ್ಲದೆ ಓಡುತ್ತವೆ. ಈಗ ಹಾಡನ್ನು ಕೇಳಿ. ಹಾಡು ಓಡುತ್ತಿಲ್ಲ! ಪಲ್ಲವಿಯಲ್ಲಿ ಒಂದೊಂದು ಸ್ವರವೂ ಉದ್ದಕ್ಕೆ ಚಾಚಿಕೊಂಡು ನಿಧಾನವಾಗಿ ಮೇಲೇರುತ್ತದೆ. ಕೆಳಗೆ ಓಟ, ಮೇಲೆ ತೇಲಾಟ. ಪವರ್ ಮೆಟಲ್‌ನ ಗುಟ್ಟು ಬಹುಪಾಲು ಇಷ್ಟೇ. ನಿಮ್ಮ ಕಡೆ ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ನಡೆಯುವುದೂ ಇದೇ ಅಲ್ಲವೇ? ಹಲಗೆ ದಡಬಡ ಅನ್ನುತ್ತಿರುತ್ತದೆ, ರಿವಾಯತ್ ಪದ (ಮೊಹರಂ ಹಾಡು) ಹೇಳುವವರು ಮಾತ್ರ ಸಾಲನ್ನು ಎಳೆದೆಳೆದು, ಏನೂ ಅವಸರ ಇಲ್ಲದವರ ಹಾಗೆ ಹಾಡುತ್ತಿರುತ್ತಾರೆ. ಎರಡೂ ಒಂದೇ ವೇಗದಲ್ಲಿ ಹೋಗಿಬಿಟ್ಟರೆ ಬರೀ ಗದ್ದಲ. ನೀವು ಕೇಳಿ ಬೆಳೆದ ಥ್ರ್ಯಾಶ್‌ನಲ್ಲಿ, ಅಂದರೆ ಮೆಟಾಲಿಕಾ, ಸ್ಲೇಯರ್ ಬಗೆಯ ಮೆಟಲ್‌ನಲ್ಲಿ, ಗಿಟಾರು, ಡ್ರಮ್ಮು, ಗಂಟಲು ಮೂರೂ ಒಟ್ಟಿಗೆ ಕಚ್ಚುತ್ತವೆ, ಅದರ ಸುಖವೇ ಬೇರೆ. ಆ ಸುಖವನ್ನು ಇಲ್ಲಿ ಹುಡುಕಿದ್ದರಿಂದ ನಿಮಗೆ ಸಿಗಲಿಲ್ಲ.

ಆಮೇಲೆ ಎರಡು ಗಿಟಾರು. ಇದನ್ನು ಕ್ಲಾಸಿನಲ್ಲಿ ತೋರಿಸಲು ಒಬ್ಬ ಹುಡುಗನಿಗೆ ಸ-ರಿ-ಗ-ಮ ನುಡಿಸಲು ಹೇಳುತ್ತೇನೆ, ಇನ್ನೊಬ್ಬಳಿಗೆ ಅದೇ ಹೊತ್ತಿಗೆ ಗ-ಮ-ಪ-ದ. ಬೇರೆಬೇರೆ ಕೇಳಿದರೆ ಎರಡೂ ಸಪ್ಪೆ. ಒಟ್ಟಿಗೆ ನುಡಿಸಿದ ತಕ್ಷಣ ಇಬ್ಬರೂ ತಲೆಯೆತ್ತಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಪ್ರತಿ ಬ್ಯಾಚಿನಲ್ಲೂ ಹೀಗೇ ಆಗುತ್ತದೆ, ಒಂದು ಸಲವೂ ತಪ್ಪಿಲ್ಲ. ಜೋಡಿ ಗಿಟಾರಿನ ಈ ಜೇನುದನಿ ಹೆಲೋವೀನ್ ಕಂಡುಹಿಡಿದದ್ದೇನಲ್ಲ. ಇಂಗ್ಲೆಂಡಿನ ಜೂಡಾಸ್ ಪ್ರೀಸ್ಟ್, ಐರನ್ ಮೇಡನ್ ಅದನ್ನು ಮೆಟಲ್‌ನ ಗುರುತನ್ನಾಗಿಯೇ ಮಾಡಿಟ್ಟಿದ್ದವು. ರಾಜ, ಮಾಂತ್ರಿಕ, ಗೋಪುರಗಳ ಕತೆಗಳನ್ನು ರಾನಿ ಜೇಮ್ಸ್ ಡಿಯೊ ಅವರ ದೊಡ್ಡ ಕಂಠದಲ್ಲಿ ರೈನ್‌ಬೋ ತಂಡ 1976ರಲ್ಲೇ ಹಾಡಿತ್ತು. ಹ್ಯಾಂಬರ್ಗಿನ ಈ ಹುಡುಗರು ಆ ಎರಡನ್ನೂ ತಂದು ಥ್ರ್ಯಾಶ್‌ನ ವೇಗದ ಮೇಲೆ ಕೂರಿಸಿದರು. ‘ಈಗಲ್ ಫ್ಲೈ ಫ್ರೀ’ ನಡುವಿನಲ್ಲಿ ಗಿಟಾರುಗಳು ಮಾತಾಡಿದ ಮೇಲೆ ಮಾರ್ಕಸ್ ಗ್ರಾಸ್ಕಾಫ್ ಅವರ ಬಾಸ್ ಗಿಟಾರಿಗೂ ಇಂಗೊ ಶ್ವಿಖ್ಟೆನ್‌ಬರ್ಗ್ ಅವರ ಡ್ರಮ್‌ಗೂ ಒಂದೊಂದು ಸರದಿ ಬರುತ್ತದೆ. ಬಯಲಾಟದಲ್ಲಿ ಪ್ರತಿ ಪಾತ್ರವೂ ಅಟ್ಟಕ್ಕೆ, ಅಂದರೆ ರಂಗಕ್ಕೆ, ಬಂದು ಒಂದು ಸುತ್ತು ಕುಣಿದು ತನ್ನ ಗುರುತು ಹೇಳಿ ನಿಲ್ಲುವಂತೆ. ಹಾಡಿನ ವಿಷಯವಾದರೂ ಕೆಟ್ಟುಹೋದ ಗಾಳಿ, ಯುದ್ಧಕ್ಕೆ ತುದಿಗಾಲಲ್ಲಿ ನಿಂತ ಜನ. ಜರ್ಮನಿ ಆಗ ಎರಡು ದೇಶ, ಬರ್ಲಿನ್ ಗೋಡೆ ಬಿದ್ದದ್ದು 1989ರ ನವೆಂಬರಿನಲ್ಲಿ. ಆ ಭಯವನ್ನು ಇಷ್ಟು ಉಲ್ಲಾಸದ ಧಾಟಿಯಲ್ಲಿ ಹಾಡುವ ಧೈರ್ಯ ನನಗೆ ಈಗಲೂ ಬೆರಗು.

ಇನ್ನು ‘ಕಿರುಚುವವನು’. ಹೆಲೋವೀನ್ 1984ರಲ್ಲಿ ಶುರುವಾದಾಗ ಕೈ ಹ್ಯಾನ್ಸನ್ ಎಂಬವರೇ ಗಿಟಾರೂ ನುಡಿಸಿ ಹಾಡೂ ಹೇಳುತ್ತಿದ್ದರು. 1985ರ ‘ವಾಲ್ಸ್ ಆಫ್ ಜೆರಿಕೊ’ದಲ್ಲಿ ಅವರ ಗಂಟಲು ಕೇಳಿ, ಅದು ನಿಜವಾಗಿಯೂ ಕಿರುಚಾಟ, ನಿಮಗೆ ಇಷ್ಟವಾದೀತು. ಎರಡೂ ಕೆಲಸ ಭಾರ ಅನಿಸಿ ಅವರು ಹಾಡುವವನನ್ನು ಹುಡುಕಿದಾಗ ಸಿಕ್ಕಿದ್ದು ಮೈಕೆಲ್ ಕಿಸ್ಕೆ ಎಂಬ ಹುಡುಗ. ಆಗ ಅವನಿಗೆ ಹದಿನೆಂಟು. 1987ರ ಮೊದಲ ಭಾಗ ಹಾಡುವಾಗ ಮೀಸೆ ಸರಿಯಾಗಿ ಚಿಗುರಿರಲಿಕ್ಕಿಲ್ಲ, ಎರಡನೇ ಭಾಗದ ಹೊತ್ತಿಗೆ ಇಪ್ಪತ್ತು. ಕಿರುಚುವುದಕ್ಕೂ ಏರುಶ್ರುತಿಯಲ್ಲಿ ಹಾಡುವುದಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮಪ್ಪನಿಗೆ ಕೇಳಿ. ಮೈಕು ಇಲ್ಲದ ಕಾಲದಲ್ಲಿ ಭಾಗವತರ ದನಿ ಜನಸಂದಣಿಯ ಕೊನೆಯ ಸಾಲಿಗೆ ಮುಟ್ಟಬೇಕಿತ್ತು. ಗಂಟಲು ಒಡೆದುಕೊಂಡು ಕೂಗುವವರು ನಡುರಾತ್ರಿಗೆ ಕೆಮ್ಮುತ್ತಾ ಕೂರುತ್ತಿದ್ದರು, ಸ್ವರ ಗೊತ್ತಿದ್ದವರು ಬೆಳತನಕ ಹಾಡುತ್ತಿದ್ದರು. ‘ವಿ ಗಾಟ್ ದ ರೈಟ್’ ಹಾಡನ್ನು ಹಾಕಿ, ಮೇಲಿನ ಸ್ವರಕ್ಕೆ ಹೋದಾಗ ಕಿಸ್ಕೆಯ ದನಿ ಒರಟಾಗುತ್ತದೆಯೇ ನೋಡಿ. ಆಗುವುದಿಲ್ಲ. ಅಷ್ಟೆತ್ತರದಲ್ಲೂ ದುಂಡಗೇ ಉಳಿಯುತ್ತದೆ. ಆಮೇಲಿನ ಮೂವತ್ತು ವರ್ಷ ಯೂರೋಪು, ಜಪಾನು, ಬ್ರೆಜಿಲ್‌ಗಳಲ್ಲಿ ಎಷ್ಟೋ ಹುಡುಗರು ಆ ಎತ್ತರಕ್ಕೆ ಏಣಿ ಹಾಕಿ ಕಾಲು ಮುರಿದುಕೊಂಡಿದ್ದಾರೆ.

ಈಗ ತಮಾಷೆಯ ವಿಚಾರ. ನಿಮಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದೇ ಎಂದು ಪ್ರಶ್ನೆಯಲ್ಲೇ ಕಾಣುತ್ತದೆ. ‘ಡಾಕ್ಟರ್ ಸ್ಟೈನ್’ ಎಂಬ ಹಾಡು ಪ್ರಯೋಗಾಲಯದಲ್ಲಿ ಮನುಷ್ಯರನ್ನು ತಯಾರಿಸುವ ಹುಚ್ಚು ವೈದ್ಯನದು, ‘ರೈಸ್ ಅಂಡ್ ಫಾಲ್’ ಪೂರಾ ಚೇಷ್ಟೆ. ತಂಡದ ಹೆಸರಿನ ‘ಓ’ ಅಕ್ಷರದ ಜಾಗದಲ್ಲಿ ಹಲ್ಲು ಕಿರಿಯುವ ಕುಂಬಳಕಾಯಿ. (ಆಯುಧಪೂಜೆಯ ದಿನ ಅದಿರು ಲಾರಿಗಳ ಮುಂದೆ ಬೂದುಗುಂಬಳ ಒಡೆಯುವುದನ್ನು ನೋಡಿದಾಗಲೆಲ್ಲ ನನಗೆ ಈ ತಂಡದ ನೆನಪು. ಅವರ ಕುಂಬಳ ನಗುತ್ತದೆ, ನಮ್ಮದು ದೃಷ್ಟಿ ತೆಗೆಯುತ್ತದೆ.) ಇಷ್ಟೆಲ್ಲ ಚೇಷ್ಟೆ ಮುಗಿದ ಮೇಲೆ ‘ಮಾರ್ಚ್ ಆಫ್ ಟೈಮ್’ ಎಂದು ಸಾವಿನ ಬಗ್ಗೆ ಹಾಡುತ್ತಾರೆ, ಆಮೇಲೆ ಸೈತಾನನ ಜೊತೆ ಹೋರಾಟ.

ಇದನ್ನು ಲೋಪ ಅಂದುಕೊಳ್ಳುವವರು ಬಯಲಾಟ ನೋಡಿಲ್ಲ. ಕಿರೀಟ, ಭುಜಕೀರ್ತಿ, ಎದೆಹಾರ ಹೊತ್ತ ರಾಜ ಅಟ್ಟ ನಡುಗುವಂತೆ ಹೆಜ್ಜೆ ಹಾಕಿ ಬಂದು ಬಿರುದುಗಳನ್ನು ಗರ್ಜಿಸುತ್ತಾನೆ. ಪಕ್ಕದಲ್ಲಿ ನಿಂತ ಸಾರಥಿ, ‘ಅದೆಲ್ಲ ಸರಿ, ತಾವು ಯಾರೆಂದು ಹೇಳಲೇ ಇಲ್ಲವಲ್ಲ’ ಎಂದು ಕಾಲೆಳೆಯುತ್ತಾನೆ. ಜನ ನಗುತ್ತಾರೆ. ಹಾಗೆಂದು ಅದೇ ರಾಜ ಮಗನ ಹೆಣದ ಮುಂದೆ ಅಳುವಾಗ ಯಾರಾದರೂ ನಗುತ್ತಾರೆಯೇ? ಸಾರಥಿ ನಗಿಸಿದ್ದರಿಂದಲೇ ಅವನ ಗರ್ಜನೆಯನ್ನು ನಾವು ನಂಬುತ್ತೇವೆ. ಇಡೀ ರಾತ್ರಿ ಬರೀ ವೀರರಸ ಸುರಿದರೆ ನಾಲ್ಕನೇ ಜಾವಕ್ಕೆ ಒಬ್ಬರೂ ಎಚ್ಚರ ಇರುವುದಿಲ್ಲ. ನಿಮ್ಮಪ್ಪ ಒಂದೇ ಸಲಕ್ಕೆ ಹಿಡಿದದ್ದು ಇದನ್ನೇ ಇರಬೇಕು. ಹೆಲೋವೀನ್ ಒಂದೇ ದೇಹದಲ್ಲಿ ರಾಜನನ್ನೂ ಸಾರಥಿಯನ್ನೂ ಇಟ್ಟುಕೊಂಡಿತು. ‘ಕೀಪರ್’ ಉಳಿದದ್ದು ಆ ಕಾರಣಕ್ಕೆ ಎಂಬುದು ನನ್ನ ಮಾತು. ವೇಗದಲ್ಲಿ ಅದನ್ನು ಮೀರಿಸಿದವರು ಎಷ್ಟೋ ಜನ ಬಂದರು, ಹೋದರು.

ಎಲ್ಲ ಹಾಡೂ ಮುತ್ತು ಎಂದು ನಾನು ಹೇಳುವುದಿಲ್ಲ. ಕಿಸ್ಕೆ ಬರೆದ ‘ಯೂ ಆಲ್ವೇಸ್ ವಾಕ್ ಅಲೋನ್’ ಬಂದಾಗ ನಾನು ಈಗಲೂ ಎದ್ದು ಚಹಾ ಇಡುತ್ತೇನೆ.

ಎರಡು ಭಾಗ ಯಾಕೆ ಎಂದು ನೀವು ಕೇಳಿಲ್ಲ, ಆದರೆ ಅದು ಗೊತ್ತಿದ್ದರೆ ಕೇಳುವ ಬಗೆ ಬದಲಾಗುತ್ತದೆ. ತಂಡಕ್ಕೆ ಇದನ್ನು ಜೋಡಿ ಆಲ್ಬಮ್ಮಾಗಿ ಒಮ್ಮೆಗೇ ತರುವ ಆಸೆ ಇತ್ತು. ಅವರ ಕಂಪನಿ ನಾಯ್ಸ್ ರೆಕಾರ್ಡ್ಸ್ ಒಪ್ಪಲಿಲ್ಲ. ಹಾಗಾಗಿ ಒಂದು 1987ರಲ್ಲಿ, ಇನ್ನೊಂದು 1988ರಲ್ಲಿ ಬಂತು. ಮೊದಲ ಭಾಗ ಹೆಚ್ಚುಕಡಿಮೆ ಕೈ ಹ್ಯಾನ್ಸನ್ನರದು. ಎರಡನೆಯದರಲ್ಲಿ ‘ಈಗಲ್ ಫ್ಲೈ ಫ್ರೀ’ಯಿಂದ ಹಿಡಿದು ಆ ಕೊನೆಯ ದೊಡ್ಡ ಹಾಡಿನವರೆಗೆ ಇನ್ನೊಬ್ಬ ಗಿಟಾರಿಸ್ಟ್ ಮೈಕೆಲ್ ವೈಕಾತ್‌ರ ಕೈ ಮೇಲು. ಒಂದೇ ತಂಡದಲ್ಲಿ ಇಬ್ಬರು ರಚನಕಾರರ ಜಿದ್ದು ಹಾಡಿನಿಂದ ಹಾಡಿಗೆ ಕಿವಿಗೆ ಬೀಳುತ್ತದೆ. ಹ್ಯಾನ್ಸನ್ ಈ ಭಾಗಕ್ಕೆ ಬರೆದುಕೊಟ್ಟ ಹಾಡುಗಳಲ್ಲಿ ಒಂದು ‘ಐ ವಾಂಟ್ ಔಟ್’, ನನ್ನನ್ನು ಬಿಟ್ಟುಬಿಡಿ ಎಂದು. ಹೀಗೆ ಮಾಡು, ಹಾಗೆ ಬದುಕು ಎಂದು ಸುತ್ತಲಿನವರೆಲ್ಲ ಹೇಳುವುದು ಸಾಕಾಯಿತು ಎನ್ನುವ ಹುಡುಗನ ಹಾಡು ಅದು. ಕೋಚಿಂಗ್ ಸೆಂಟರಿಗೆ ಹೋಗುವ ನನ್ನ ವಿದ್ಯಾರ್ಥಿಗಳಿಗೆ ವಿವರಣೆಯೇ ಬೇಕಾಗುವುದಿಲ್ಲ. ಆಲ್ಬಮ್ ಬಂದ ಸ್ವಲ್ಪ ದಿನಕ್ಕೇ ಹ್ಯಾನ್ಸನ್ ನಿಜವಾಗಿಯೂ ಹೊರಟುಹೋಗಿ ಗಾಮಾ ರೇ ಎಂಬ ತಂಡ ಕಟ್ಟಿದರು. ಅಂದಿನಿಂದ ಕೇಳುಗರು ಆ ಹಾಡನ್ನು ಅವರ ರಾಜೀನಾಮೆ ಪತ್ರವೆಂದೇ ಓದಿಕೊಳ್ಳುತ್ತಾರೆ.

ಮುಂದಿನದು ಚೂರು ಬೇಸರದ ಕತೆ. ಕಂಪನಿಯೊಂದಿಗೆ ಜಗಳ, ದಿಕ್ಕು ತಪ್ಪಿದ ಎರಡು ಆಲ್ಬಮ್, 1993ರಲ್ಲಿ ಕಿಸ್ಕೆ ಹೊರಗೆ. ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದ ಡ್ರಮ್ಮರ್ ಇಂಗೊ ಕೂಡ ಆ ಹೊತ್ತಿಗೆ ತಂಡದಲ್ಲಿ ಉಳಿಯಲಾಗಲಿಲ್ಲ. 1995ರಲ್ಲಿ ತೀರಿಕೊಂಡರು, ಇಪ್ಪತ್ತೊಂಬತ್ತೇ ವರ್ಷ. ನಾನು ಕೌಲ್‌ಬಜಾರ್‌ನ ಅಂಗಡಿಯಲ್ಲಿ ಅವರ ಕಾಲ್ಗೆಲಸವನ್ನು ಬಾಯಿಬಿಟ್ಟುಕೊಂಡು ಕೇಳುತ್ತಿದ್ದ ದಿನಗಳವು. ಸುದ್ದಿ ನನಗೆ ಮುಟ್ಟಲು ಎಷ್ಟೋ ವರ್ಷ ಬೇಕಾಯಿತು.

ಆದರೆ ಬೀಜ ಬಿದ್ದಾಗಿತ್ತು. ಜರ್ಮನಿಯ ಬ್ಲೈಂಡ್ ಗಾರ್ಡಿಯನ್ 1989ರ ತಮ್ಮ ಆಲ್ಬಮ್ಮಿಗೆ ಹ್ಯಾನ್ಸನ್ನರನ್ನೇ ಅತಿಥಿಯಾಗಿ ಕರೆದರು. ಬ್ರೆಜಿಲ್ಲಿನ ಆಂಗ್ರಾ ತಂಡ 1993ರಲ್ಲಿ ಬಂದು ಇದೇ ಓಟಕ್ಕೆ ತಮ್ಮ ದೇಶದ ತಾಳಗಳನ್ನು ಬೆರೆಸತೊಡಗಿತು. ಫಿನ್‌ಲ್ಯಾಂಡಿನ ಸ್ಟ್ರಾಟೊವೇರಿಯಸ್, ಇಟಲಿಯ ರಾಪ್ಸಡಿ, ಸ್ವೀಡನ್ನಿನ ಹ್ಯಾಮರ್‌ಫಾಲ್ ಎಲ್ಲ ಇದೇ ಬಳ್ಳಿಯ ಕಾಯಿ. ಹ್ಯಾಮರ್‌ಫಾಲ್‌ನವರು ‘ಐ ವಾಂಟ್ ಔಟ್’ ಹಾಡನ್ನು ತಾವೇ ಹಾಡಿ ಬಿಡುಗಡೆ ಮಾಡಿದ್ದೂ ಉಂಟು. ನನಗೆ ಇಷ್ಟವಾದ ಒಂದು ಕತೆ ಇದೆ. 2001ರಲ್ಲಿ ಟೋಬಿಯಾಸ್ ಸಾಮೆಟ್ ‘ಅವಾಂಟೇಸಿಯಾ’ ಎಂಬ ಮೆಟಲ್ ಒಪೆರಾ ಮಾಡಿ ಕಿಸ್ಕೆಯನ್ನು ಕರೆದರು. ಮೆಟಲ್‌ನಿಂದ ದೂರ ಸರಿದಿದ್ದ ಕಿಸ್ಕೆ ಹಾಡಿದರು, ಆದರೆ ಹೆಸರು ಹಾಕಬೇಡಿ ಎಂದದ್ದರಿಂದ ‘ಅರ್ನಿ’ ಎಂದು ಅಚ್ಚಾಯಿತು. ಮುಸುಕು ಹಾಕಿಕೊಂಡರೆ ಏನು, ಬಾಯಿ ತೆರೆದ ಮೊದಲ ಸಾಲಿಗೇ ಜಗತ್ತೆಲ್ಲ ಗುರುತು ಹಿಡಿಯಿತು.

ಬಳ್ಳಿಯ ಎಲ್ಲ ಕಾಯಿಯೂ ಸಿಹಿ ಇಲ್ಲ, ನಿಮ್ಮ ಗೆಳೆಯರು ನಗುವುದಕ್ಕೆ ಕಾರಣ ಇದ್ದೇ ಇದೆ. ಹಿಂದೆ ಬಂದ ಬಹಳಷ್ಟು ತಂಡಗಳು ಕಿರೀಟವನ್ನು ಎತ್ತಿಕೊಂಡವು, ಸಾರಥಿಯನ್ನು ಮನೆಯಲ್ಲೇ ಬಿಟ್ಟು ಬಂದವು. ಕತ್ತಿ, ಡ್ರ್ಯಾಗನ್, ಕೋಟೆ, ಕೀಬೋರ್ಡಿನ ಮೇಲೆ ಕೀಬೋರ್ಡು. ಒಂದು ಕ್ಷಣವೂ ತಮ್ಮನ್ನು ನೋಡಿ ತಾವು ನಗಲಾರದ ವೀರರು. ಅವರನ್ನು ಕೇಳಿ ಪವರ್ ಮೆಟಲ್ ಎಂದರೆ ಇದು ಎಂದುಕೊಂಡವರು ‘ಕೀಪರ್’ಗೆ ಬಂದರೆ ಗಲಿಬಿಲಿಯಾಗುವುದು ಸಹಜ.

ನಮ್ಮ ಕಡೆಯ ಹುಡುಗರಿಗೆ ಇದೆಲ್ಲ ಎಲ್ಲಿ ಮುಟ್ಟಿತು ಎಂದು ಅನುಮಾನ ಬೇಡ. 2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಹಿಂದಿನ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ಬಾಗಿಲ ಬಳಿ ಕೂತು ಹೋದವನು ನಾನು. ಮೈದಾನದಲ್ಲಿ ಕುಂಬಳಕಾಯಿ ಅಂಗಿ ತೊಟ್ಟ ಅಪರಿಚಿತನೊಬ್ಬ ಕಂಡ. ಇಬ್ಬರೂ ಏನೂ ಮಾತಾಡದೆ ‘ಐ ವಾಂಟ್ ಔಟ್’ನ ಗಿಟಾರ್ ತುಣುಕನ್ನು ಬಾಯಲ್ಲೇ ನುಡಿಸಿ ಕೈಕುಲುಕಿದೆವು. ಅವನು ಕೆಳಗಿನ ಸ್ವರ, ನಾನು ಮೇಲಿನದು.

ಹ್ಯಾನ್ಸನ್, ಕಿಸ್ಕೆ ಇಬ್ಬರೂ 2017ರಲ್ಲಿ ಹೆಲೋವೀನ್‌ಗೆ ಮರಳಿದರು. ಹಾಗೆಂದು ಅಲ್ಲಿಯವರೆಗಿನ ಹಾಡುಗಾರ ಆಂಡಿ ಡೆರಿಸ್ ಅವರನ್ನು ಹೊರಗೆ ಕಳಿಸಲಿಲ್ಲ. ಮೂವರೂ ಒಂದೇ ಅಟ್ಟದ ಮೇಲೆ ನಿಂತರು. 2021ರಲ್ಲಿ ಎಲ್ಲರೂ ಸೇರಿ ಮಾಡಿದ ಆಲ್ಬಮ್ಮಿಗೆ ತಂಡದ ಹೆಸರನ್ನೇ ಇಟ್ಟರು. ಅದರಲ್ಲಿ ಡ್ರಮ್ಮರ್ ಡಾನಿ ಲೋಬ್ಲೆ ನುಡಿಸಿದ್ದು ಇಂಗೊ ಅವರ ಹಳೆಯ ಡ್ರಮ್ ಸೆಟ್ಟನ್ನು. ಇದನ್ನು ಓದಿದ ದಿನ ನಾನು ಆ ತೊಂಬತ್ತು ನಿಮಿಷದ ಕ್ಯಾಸೆಟ್ಟನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟೆ. ಟೇಪು ಅಂಟಿಕೊಂಡಿದೆ, ನುಡಿಯುವುದಿಲ್ಲ.

ಹೇಗೆ ಕೇಳಬೇಕು ಎಂದರೆ ಹೀಗೆ ಮಾಡಿ. ರಾತ್ರಿ ಪಾಳಿ ಇಲ್ಲದ ದಿನ ಊಟ ಮುಗಿಸಿ ಮಾಳಿಗೆ ಹತ್ತಿ. 49 ನಿಮಿಷ ಫೋನು ಮುಟ್ಟದೆ, ಹಾಡು ಹಾರಿಸದೆ ಒಂದೇ ಆಟವೆಂದು ಕೇಳಿ. ಮೊದಲ ದಿನ ಕಾಲ್ಡ್ರಮ್ಮಿನ ಮೇಲೆ ಗಮನವಿಡಿ, ಎರಡನೇ ದಿನ ಬಾಸ್ ಹಿಂದೆ ಹೋಗಿ. ಮೂರನೇ ದಿನ ನಿಮ್ಮಪ್ಪನನ್ನು ಕೂರಿಸಿಕೊಳ್ಳಿ. ಇಂಗ್ಲಿಷ್ ಬಾರದಿದ್ದರೂ ನಡೆದೀತು, ಕೀಲಿಗಳ ಕತೆಯನ್ನು ಮೊದಲೇ ಹೇಳಿಬಿಡಿ. ಕೊನೆಯ ಹಾಡಿನಲ್ಲಿ ಯಾವ ಜಾಗಕ್ಕೆ ಬಂದಾಗ ಅವರ ಬೆರಳು ಮೊಣಕಾಲಿನ ಮೇಲೆ ಮದ್ದಳೆ ಹಿಡಿಯುತ್ತದೆ, ಎಲ್ಲಿಗೆ ಬಂದಾಗ ‘ಈಗ ರಾಕ್ಷಸ ಬೀಳ್ತಾನ ನೋಡು’ ಎನ್ನುತ್ತಾರೆ, ನಿಮಿಷ ಗುರುತು ಹಾಕಿಕೊಂಡು ನನಗೆ ಬರೆಯಿರಿ. ಹತ್ತಕ್ಕಿಂತ ಮುಂಚೆಯೇ ಹೇಳಿಬಿಟ್ಟರೆ, ನನ್ನ ಕ್ಯಾಸೆಟ್ಟಿನಲ್ಲಿ ಇದ್ದಷ್ಟರಲ್ಲೇ ಸುಳಿವು ಸಿಕ್ಕಿತ್ತು, ನನಗೆ ಮಾತ್ರ ಕೇಳಿರಲಿಲ್ಲ ಎಂದಾಯಿತು.